ಮೂತಿ ಎತ್ತುವುದಲ್ಲ, ತಗ್ಗಿಸುವುದು: ಪೈಲಟ್‌ಗಳಿಗೆ ಈಗ ಕಲಿಸುವ ಪಾಠ

ಕೋಲ್ಕತಾ: ಬೇಸಿಗೆ ರಜೆ ಬಂತೆಂದರೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವ ಮಾತೇ ಮಾತು. ಒಂದು ಕಾಲದಲ್ಲಿ ಹೌರಾ ಸ್ಟೇಷನ್ನಿನಲ್ಲಿ ಹೋಲ್ಡಾಲು, ಬುತ್ತಿ ಡಬ್ಬಿ ಹೊತ್ತು ರೈಲು ಹತ್ತುತ್ತಿದ್ದ ಕುಟುಂಬಗಳು ಇಂದು ದಮ್‌ದಮ್‌ನಲ್ಲಿ ವಿಮಾನ ಹತ್ತಿ ಸುಮಾರು ಎರಡೂವರೆ ಗಂಟೆಯಲ್ಲಿ ಬೆಂಗಳೂರಿನಲ್ಲಿ ಇಳಿಯುತ್ತವೆ. ಆದರೆ ಏಪ್ರಿಲ್, ಮೇ ತಿಂಗಳ ಈ ರಜೆಯ ಕಾಲವೇ ಬಂಗಾಳದಲ್ಲಿ ಕಾಲಬೈಶಾಖಿ ಬಿರುಗಾಳಿಯ ಕಾಲವೂ ಹೌದು. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆ ವಾಯವ್ಯದಿಂದ ಕಪ್ಪು ಮೋಡ, ಗುಡುಗು, ಗಾಳಿ. ವಿಮಾನ ಒಮ್ಮೆ ಜೋರಾಗಿ ಕುಲುಕಿದರೆ ಸಾಕು, ಸೀಟಿನ ಕೈಗಳನ್ನು ಗಟ್ಟಿಯಾಗಿ ಹಿಡಿದು ಮನೆದೇವರನ್ನು ನೆನೆಯದವರು ಕಡಿಮೆ.

ಇಂಥ ಕುಲುಕಾಟದಿಂದ ವಿಮಾನ ಬೀಳುವುದು ತೀರಾ ಅಪರೂಪ. ನಿಜವಾದ ಅಪಾಯ ವಿಮಾನ ಹತೋಟಿ ತಪ್ಪಿದಾಗ ಬರುತ್ತದೆ. ಮೂತಿ ವಿಪರೀತ ಮೇಲೆದ್ದು ಅಥವಾ ಕೆಳಗೆ ಬಾಗಿ, ಇಲ್ಲವೇ ಒಂದು ಪಕ್ಕಕ್ಕೆ ವಾಲಿ, ಪೈಲಟ್ ಉದ್ದೇಶಿಸದ ಸ್ಥಿತಿಗೆ ವಿಮಾನ ಹೋಗುವುದನ್ನು ವೈಮಾನಿಕ ಭಾಷೆಯಲ್ಲಿ 'ಅಪ್‌ಸೆಟ್' ಎನ್ನುತ್ತಾರೆ. ಮೂತಿ 25 ಡಿಗ್ರಿಗಿಂತ ಹೆಚ್ಚು ಮೇಲೆದ್ದರೆ, 10 ಡಿಗ್ರಿಗಿಂತ ಹೆಚ್ಚು ಕೆಳಗಿಳಿದರೆ, ರೆಕ್ಕೆಗಳು 45 ಡಿಗ್ರಿಗಿಂತ ಹೆಚ್ಚು ವಾಲಿದರೆ, ಅಥವಾ ಆ ಸ್ಥಿತಿಗೆ ಸಲ್ಲದ ವೇಗವಿದ್ದರೆ ಅದು ಅಪ್‌ಸೆಟ್. ಇದನ್ನು ತಡೆಯುವ, ತಡೆಯಲಾಗದಿದ್ದರೆ ಚೇತರಿಸಿಕೊಳ್ಳುವ ತರಬೇತಿಗೆ ಯುಪಿಆರ್‌ಟಿ ಎಂಬ ಹೆಸರಿದೆ. ಈ ತರಬೇತಿಯ ಅಗತ್ಯ ಏನೆಂಬುದಕ್ಕೆ ಕೋಲ್ಕತಾದಿಂದಲೇ ಹಾರಿದ ಎರಡು ವಿಮಾನಗಳ ಕಥೆ ಸಾಕು.

1953ರ ಬಿರುಗಾಳಿ

1953ರ ಮೇ 2ರ ಸಂಜೆ. ಸಿಂಗಪುರದಿಂದ ಲಂಡನ್ನಿಗೆ ಹೊರಟಿದ್ದ ಬಿಒಎಸಿ ಸಂಸ್ಥೆಯ ಕಾಮೆಟ್ ವಿಮಾನ ದಮ್‌ದಮ್‌ನಿಂದ ದಿಲ್ಲಿಯತ್ತ ಏರಿತು. ಕಾಮೆಟ್ ಎಂದರೆ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. ಅದರ ಸಂಚಾರ ಶುರುವಾಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಹಾರಿದ ಕೆಲವೇ ನಿಮಿಷಗಳಲ್ಲಿ ಬಿರುಗಾಳಿಯ ಮೋಡಕ್ಕೆ ಸಿಕ್ಕಿ ಅದು ಆಕಾಶದಲ್ಲೇ ಮುರಿದು ಬಿತ್ತು. ಅದರಲ್ಲಿದ್ದ 43 ಮಂದಿಯೂ ಸತ್ತರು.

ಭಾರತ ಸರ್ಕಾರದ ತನಿಖಾ ನ್ಯಾಯಾಲಯ ಎರಡು ಸಾಧ್ಯತೆಗಳನ್ನು ಮುಂದಿಟ್ಟಿತು. ಬಿರುಗಾಳಿಯ ಹೊಡೆತವೇ ವಿಮಾನವನ್ನು ಮುರಿದಿರಬಹುದು. ಇಲ್ಲವೇ ಆ ಗಾಳಿಯಲ್ಲಿ ಪೈಲಟ್ ಅಗತ್ಯಕ್ಕಿಂತ ಹೆಚ್ಚು ಬಲದಿಂದ ನಿಯಂತ್ರಣಗಳನ್ನು ಎಳೆದಿರಬಹುದು, ಅಥವಾ ಹತೋಟಿಯನ್ನೇ ಕಳೆದುಕೊಂಡಿರಬಹುದು. ರೆಕ್ಕೆ, ಬಾಲಗಳ ಮೇಲೆ ಗಾಳಿ ಎಷ್ಟು ಒತ್ತುತ್ತಿದೆ ಎಂಬುದು ಪೈಲಟ್‌ನ ಕೈಗೆ ತಿಳಿಯುವಂತೆ ಕಾಮೆಟ್‌ನ ನಿಯಂತ್ರಣ ವ್ಯವಸ್ಥೆಯನ್ನು ಬದಲಿಸಬೇಕೇ ಎಂದು ಪರಿಶೀಲಿಸಲು ಸಹ ಹೇಳಿತು. ಕೈಗೆ ಏನು ತಿಳಿಯುತ್ತದೆ, ಕೈ ಏನು ಮಾಡುತ್ತದೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಪಾಟ್ನಾದ ಬೆಳಗ್ಗೆ

ಎರಡನೆಯದು ಇಲ್ಲಿನ ಹಿರಿಯರಿಗೆ ಇನ್ನೂ ನೆನಪಿರುವ ಘಟನೆ. 2000ದ ಜುಲೈ 17ರ ಬೆಳಗ್ಗೆ ಏಳಕ್ಕೆ ಮೊದಲೇ ಅಲಯನ್ಸ್ ಏರ್ ಸಂಸ್ಥೆಯ ಬೋಯಿಂಗ್ 737 ವಿಮಾನ ಕಲ್ಕತ್ತೆಯಿಂದ ಹೊರಟಿತು. ಪಾಟ್ನಾ, ಲಖನೌ ಮೂಲಕ ದಿಲ್ಲಿಗೆ ಹೋಗಬೇಕಿತ್ತು. ಒಳಗೆ 52 ಪ್ರಯಾಣಿಕರು, 6 ಸಿಬ್ಬಂದಿ. ಪಾಟ್ನಾ ಸಮೀಪಿಸಿದಾಗ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಎತ್ತರ ಇಳಿಸಿಕೊಳ್ಳಲು ಒಂದು ಸುತ್ತು ಹಾಕಲು ಪೈಲಟ್ ಅನುಮತಿ ಕೇಳಿದರು, ಅನುಮತಿ ಸಿಕ್ಕಿತು. ಆ ಸುತ್ತು ಮುಗಿಯಲಿಲ್ಲ. ವಿಮಾನ ಗರ್ದನಿಬಾಗ್‌ನ ಸರ್ಕಾರಿ ವಸತಿಗೃಹಗಳ ಮೇಲೆ ಬಿತ್ತು. ಒಳಗಿದ್ದವರಲ್ಲಿ 55 ಮಂದಿ, ನೆಲದ ಮೇಲಿದ್ದ 5 ಮಂದಿ, ಒಟ್ಟು 60 ಜನ ತೀರಿಕೊಂಡರು.

ತನಿಖಾ ಸಮಿತಿಯ ನೇತೃತ್ವ ವಹಿಸಿದವರು ಏರ್ ಮಾರ್ಷಲ್ ಫಿಲಿಪ್ ರಾಜ್‌ಕುಮಾರ್. ಬೆಂಗಳೂರಿನಲ್ಲಿ ಲಘು ಯುದ್ಧವಿಮಾನದ ಹಾರಾಟ ಪರೀಕ್ಷೆಗಳ ಹೊಣೆ ಹೊತ್ತಿದ್ದವರು. ವಿಮಾನದಲ್ಲಿ ಯಾಂತ್ರಿಕ ದೋಷವಿರಲಿಲ್ಲ, ಅದು ಹಾರಾಟಕ್ಕೆ ಯೋಗ್ಯವಾಗಿಯೇ ಇತ್ತು ಎಂದು ತನಿಖೆಯಲ್ಲಿ ಕಂಡುಬಂತು. ಇಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲಿಟ್ಟು ವೇಗ ಮಿತಿಗಿಂತ ಕೆಳಗಿಳಿಯಲು ಬಿಡಲಾಗಿತ್ತು. ಮೂತಿ ಎತ್ತಿದ ಸ್ಥಿತಿಯಲ್ಲೇ ವಿಮಾನವನ್ನು ಆ ಕಡೆ ಈ ಕಡೆ ವೇಗವಾಗಿ ವಾಲಿಸಲಾಯಿತು. ಆಗ ಪೈಲಟ್ ಕೈಯಲ್ಲಿದ್ದ ಕಂಟ್ರೋಲ್ ಕಾಲಂ ಗಡಗಡ ನಡುಗಿತು. 'ಸ್ಟಾಲ್ ಹತ್ತಿರ ಬಂದಿದೆ' ಎಂದು ಎಚ್ಚರಿಸುವ ವ್ಯವಸ್ಥೆ ಅದು. ಆ ಕ್ಷಣದಲ್ಲಿ ಸಿಬ್ಬಂದಿ ಸ್ಟಾಲ್‌ನಿಂದ ಹೊರಬರುವ ಕ್ರಮ ಅನುಸರಿಸದೆ, ಇಳಿಯುವುದನ್ನು ಕೈಬಿಟ್ಟು ಮೇಲೇರುವ 'ಗೋ ಅರೌಂಡ್' ಕ್ರಮ ಆರಂಭಿಸಿದರು. ವಿಮಾನ ಪೂರ್ತಿ ಸ್ಟಾಲ್ ಆಗಿ ಕುಸಿಯಿತು.

ಸ್ಟಾಲ್ ಎಂದರೇನು?

ಮಾಮೂಲಿ ಮಾತಿನಲ್ಲಿ ಸ್ಟಾಲ್ ಎಂದರೆ ಇಂಜಿನ್ ನಿಂತು ಹೋಗುವುದು ಎಂದು ಅನೇಕರು ತಿಳಿದಿದ್ದಾರೆ. ವಿಮಾನದ ವಿಷಯದಲ್ಲಿ ಹಾಗಲ್ಲ. ಓಡುವ ರೈಲಿನ ಕಿಟಕಿಯಾಚೆ ಅಂಗೈ ಚಾಚಿದ ಅನುಭವ ಬಾಲ್ಯದಲ್ಲಿ ಎಲ್ಲರಿಗೂ ಇದ್ದೇ ಇರುತ್ತದೆ. ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಗಾಳಿ ಕೈಯನ್ನು ಮೇಲಕ್ಕೆತ್ತುತ್ತದೆ. ತೀರಾ ಓರೆ ಮಾಡಿದರೆ ಎತ್ತುವ ಬಲ ಹೋಗಿ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ವಿಮಾನದ ರೆಕ್ಕೆಯೂ ಹೀಗೆಯೇ. ಎದುರು ಗಾಳಿಗೆ ಅದು ಒಂದು ಮಿತಿ ಮೀರಿ ಓರೆಯಾದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗುತ್ತದೆ, ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ಇಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ ವಿಮಾನ ಬೀಳುತ್ತದೆ.

ಇದಕ್ಕೆ ಮದ್ದು ಒಂದೇ. ಕಂಟ್ರೋಲ್ ಕಾಲಂ ಮುಂದಕ್ಕೆ ತಳ್ಳಿ ಮೂತಿ ತಗ್ಗಿಸಬೇಕು, ರೆಕ್ಕೆಗೆ ಮತ್ತೆ ಗಾಳಿ ಸಿಗುವಂತೆ ಮಾಡಬೇಕು. ಆಮೇಲೆ ರೆಕ್ಕೆಗಳನ್ನು ಸಮ ಮಾಡಿ, ಇಂಜಿನ್ ಶಕ್ತಿ ಸರಿಪಡಿಸಿ, ನಿಧಾನವಾಗಿ ಮೇಲೇರಬೇಕು. ಹೇಳಲು ಸುಲಭ. ಆದರೆ ನೆಲ ಎದ್ದು ಬರುತ್ತಿರುವಂತೆ ಕಾಣುವಾಗ ಮೂತಿಯನ್ನು ನೆಲದ ಕಡೆಗೆ ತಿರುಗಿಸಲು ಯಾರ ಕೈ ಬಂದೀತು? ಕೈ ತಾನಾಗಿ ಹಿಂದಕ್ಕೇ ಎಳೆಯುತ್ತದೆ. ಸೈಕಲ್ ಕಲಿಸುವಾಗ ಹಿರಿಯರು 'ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸು' ಎನ್ನುತ್ತಾರೆ. ಮಾತು ಕೇಳಿದ ಮಾತ್ರಕ್ಕೆ ಮಗುವಿಗೆ ಅದು ಬರುವುದಿಲ್ಲ, ನಾಲ್ಕು ಸಲ ಬಿದ್ದೆದ್ದ ಮೇಲೆ ಬರುತ್ತದೆ. ಪೈಲಟ್‌ಗೆ ಬಿದ್ದು ಕಲಿಯುವ ಅವಕಾಶವಿಲ್ಲ.

ಕಣ್ಣು, ಕಿವಿಗಳೂ ಮೋಸ ಮಾಡುತ್ತವೆ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಜಂಬೋ ವಿಮಾನ 'ಎಂಪರರ್ ಅಶೋಕ' ಬಾಂದ್ರಾ ಬಳಿಯ ಸಮುದ್ರಕ್ಕೆ ಬಿದ್ದು 213 ಜನ ಸತ್ತರು. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕ್ಯಾಪ್ಟನ್ ಎದುರಿನ ಉಪಕರಣ ಕೆಟ್ಟು ತಪ್ಪು ತೋರಿಸುತ್ತಿತ್ತು. ಹೊರಗೆ ಕತ್ತಲೆ, ಕೆಳಗೆ ಸಮುದ್ರ. ಅದನ್ನೇ ನಂಬಿದ ಕ್ಯಾಪ್ಟನ್ ಸರಿಯಿದ್ದ ವಿಮಾನವನ್ನು ಎಡಕ್ಕೆ ವಾಲಿಸುತ್ತಲೇ ಹೋದರು. ಇಂಥ ಹೊತ್ತಿನಲ್ಲಿ ಎಲ್ಲ ಉಪಕರಣಗಳನ್ನೂ ತಾಳೆ ನೋಡುವುದು, ಪಕ್ಕದಲ್ಲಿರುವವರು ಧೈರ್ಯವಾಗಿ ಮಾತಾಡುವುದು ಇಂದಿನ ತರಬೇತಿಯ ಭಾಗ.

2009ರ ನಂತರ ಬದಲಾದ ಪಾಠ

ಮೊದಲು ಸ್ಟಾಲ್ ತರಬೇತಿ ಇರಲೇ ಇಲ್ಲವೆಂದಲ್ಲ. ಇತ್ತು. ಆದರೆ ಎಚ್ಚರಿಕೆ ಬಂದ ಕೂಡಲೇ ಇಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು, ಆದಷ್ಟು ಕಡಿಮೆ ಎತ್ತರ ಕಳೆದುಕೊಂಡು ಹೊರಬರುವವನೇ ಜಾಣ ಎಂಬಂತೆ ಪರೀಕ್ಷೆ ನಡೆಯುತ್ತಿತ್ತು. ಎತ್ತರ ಉಳಿಸಿಕೊಳ್ಳಬೇಕೆಂಬ ಈ ಒತ್ತಾಯವೇ ಮೂತಿ ತಗ್ಗಿಸಲು ಹಿಂಜರಿಯುವಂತೆ ಮಾಡುತ್ತಿತ್ತು.

2009ರಲ್ಲಿ ಎರಡು ದುರಂತಗಳು ಜಗತ್ತಿನ ಕಣ್ಣು ತೆರೆಸಿದವು. ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮೂತಿಯನ್ನು ಮೇಲಕ್ಕೆ ಎಳೆದಿದ್ದರು. ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಸತ್ತರು. ವೇಗ ಅಳೆಯುವ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತ್ತು. ಅಲ್ಲಿಂದ ಸಾಗರಕ್ಕೆ ಬೀಳುವವರೆಗಿನ ನಾಲ್ಕು ಚಿಲ್ಲರೆ ನಿಮಿಷಗಳಲ್ಲಿ ಹೆಚ್ಚು ಹೊತ್ತು ಮೂತಿ ಎತ್ತಿಯೇ ಇತ್ತು. ಪಾಟ್ನಾದಲ್ಲಿ ಒಂಬತ್ತು ವರ್ಷ ಮೊದಲು ಕಂಡ ತಪ್ಪಿನ ಜಾತಿಯೇ ಇದು.

ಆಮೇಲೆ ಪಾಠದ ಕ್ರಮ ಬದಲಾಯಿತು. ಮೊದಲು ಮೂತಿ ತಗ್ಗಿಸು, ಎತ್ತರ ಹೋದರೆ ಹೋಗಲಿ, ಉಳಿದದ್ದು ಆಮೇಲೆ ಎಂದಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2014ರಲ್ಲಿ ಇದಕ್ಕೆಂದೇ ಕೈಪಿಡಿ ಹೊರತಂದಿತು. ಅಮೆರಿಕದಲ್ಲಿ 2019ರಿಂದ ವಿಮಾನ ಸಂಸ್ಥೆಗಳ ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಪೂರ್ಣ ಸ್ಟಾಲ್ ಅನುಭವಿಸಿ ಹೊರಬರುವುದು ಕಡ್ಡಾಯವಾಯಿತು. ಭಾರತದಲ್ಲೂ ವಿಮಾನ ಸಂಸ್ಥೆಗಳ ಪೈಲಟ್‌ಗಳ ತರಬೇತಿಯಲ್ಲಿ ಈ ಪಾಠ ಸೇರಿದೆ.

ಇದರ ಅಗತ್ಯವನ್ನು ನಮ್ಮ ದೇಶದ ಇನ್ನೊಂದು ಘಟನೆ ತೋರಿಸಿಕೊಟ್ಟಿತ್ತು. 2010ರ ಮೇ ಕೊನೆಯಲ್ಲಿ, ಮಂಗಳೂರು ದುರಂತ ನಡೆದ ಕೆಲವೇ ದಿನಗಳಲ್ಲಿ, ದುಬೈಯಿಂದ ಪುಣೆಗೆ ಬರುತ್ತಿದ್ದ ಬೋಯಿಂಗ್ 737ರಲ್ಲಿ ಕ್ಯಾಪ್ಟನ್ ಶೌಚಾಲಯಕ್ಕೆ ಹೋಗಿದ್ದರು. ಸಹ ಪೈಲಟ್ ಸೀಟು ಸರಿಸಿಕೊಳ್ಳುವಾಗ ಕಂಟ್ರೋಲ್ ಕಾಲಂ ಒತ್ತಿಹೋಗಿ ವಿಮಾನ ಸುಮಾರು 7,000 ಅಡಿ ಕೆಳಕ್ಕೆ ಇಳಿಯಿತು. ತುರ್ತು ಕೋಡ್ ಒತ್ತಿ ಒಳಬಂದ ಕ್ಯಾಪ್ಟನ್ ಅದನ್ನು ಸರಿಪಡಿಸಿ ಎಲ್ಲರನ್ನೂ ಉಳಿಸಿದರು. ಸಹ ಪೈಲಟ್‌ಗೆ ಇಂಥ ಸಂದರ್ಭದ ತರಬೇತಿ ಆಗಿರಲಿಲ್ಲ ಎಂದು ತನಿಖಾ ವರದಿ ಹೇಳಿತು. ಒಂದೇ ವಿಮಾನ, ಒಂದೇ ಸ್ಥಿತಿ. ಒಬ್ಬರ ಕೈಗೆ ದಾರಿ ಗೊತ್ತಿತ್ತು, ಇನ್ನೊಬ್ಬರ ಕೈಗೆ ಗೊತ್ತಿರಲಿಲ್ಲ.

ಕಾಲಬೈಶಾಖಿಯ ನೆನಪೂ ಹಳೆಯದಾಗಿಲ್ಲ. 2022ರ ಮೇ 1ರಂದು ಮುಂಬಯಿಯಿಂದ ಇಲ್ಲಿನ ದುರ್ಗಾಪುರಕ್ಕೆ ಬರುತ್ತಿದ್ದ ವಿಮಾನ ಇಳಿಯುವ ಹೊತ್ತಿಗೆ ಬಿರುಗಾಳಿಗೆ ಸಿಕ್ಕಿತು. ಆಟೋಪೈಲಟ್ ಕಳಚಿಕೊಂಡು ಕೆಲಹೊತ್ತು ಸಿಬ್ಬಂದಿ ಕೈಯಿಂದಲೇ ಹಾರಿಸಬೇಕಾಯಿತು. ವಿಮಾನ ಇಳಿದರೂ ಹಲವರಿಗೆ ಪೆಟ್ಟಾಗಿ, ಗಾಯಾಳುಗಳಲ್ಲಿ ಒಬ್ಬರು ಕೆಲ ತಿಂಗಳ ನಂತರ ತೀರಿಕೊಂಡರು.

ಸಿಮ್ಯುಲೇಟರ್ ಸಾಕೇ?

ಬೆಂಗಳೂರು, ಹೈದರಾಬಾದ್ ಮುಂತಾದ ಕಡೆ ದೊಡ್ಡ ಸಿಮ್ಯುಲೇಟರ್‌ಗಳಿವೆ. ನೆಲದ ಮೇಲೆ ನಿಂತ ಆ ಕಾಕ್‌ಪಿಟ್‌ನಲ್ಲಿ ಎಷ್ಟು ಸಲ ಬೇಕಾದರೂ ಸ್ಟಾಲ್ ಮಾಡಿ ಹೊರಬರಬಹುದು. ಆದರೆ ವಿಮಾನ ಧುಮುಕುವಾಗ ಹೊಟ್ಟೆ ಬಾಯಿಗೆ ಬಂದಂತಾಗುವುದು, ಎಳೆದು ಮೇಲೆತ್ತುವಾಗ ಮೈ ಸೀಟಿಗೆ ಅದುಮಿಕೊಳ್ಳುವುದು ಅಲ್ಲಿ ಸಿಗುವುದಿಲ್ಲ. ಪ್ರಾಣಭಯವೂ ಇರುವುದಿಲ್ಲ. ಆದ್ದರಿಂದ ಪೈಲಟ್ ಆಗುವ ಮೊದಲೇ, ಚಿಕ್ಕ ವಿಮಾನದಲ್ಲಿ, ನುರಿತ ಶಿಕ್ಷಕರ ಜೊತೆ ಇದನ್ನು ಮೈಯಲ್ಲಿ ಅನುಭವಿಸಬೇಕು ಎಂಬುದು ತಜ್ಞರ ಮಾತು. ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ ವಿಮಾನ ಸಂಸ್ಥೆ ಸೇರಬಯಸುವವರಿಗೆ ಇಂಥ ಕನಿಷ್ಠ ಮೂರು ಗಂಟೆಗಳ ಹಾರಾಟ ಕಡ್ಡಾಯವಾಗಿದೆ. ನಮ್ಮ ವಾಯುಪಡೆಯ ಎಳೆಯ ಪೈಲಟ್‌ಗಳಿಗೂ ಇದು ಹೊಸದಲ್ಲ. ಅವರಿಗಾಗಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ತರಬೇತಿ ವಿಮಾನವನ್ನು ಪರೀಕ್ಷೆಯಲ್ಲಿ ಎರಡೂ ಕಡೆಗೆ ಆರಾರು ಸುತ್ತು ಗಿರಗಿರ ತಿರುಗಿಸಿ ಮತ್ತೆ ಸರಿಪಡಿಸಿ ತೋರಿಸಲಾಗಿದೆ.

ಪೋಷಕರ ಗಮನಕ್ಕೆ

ಪ್ರವಾಸಿ ಕನ್ನಡಿಗರ ಮಕ್ಕಳಲ್ಲೂ ಪೈಲಟ್ ಆಗುವ ಆಸೆ ಹೆಚ್ಚುತ್ತಿದೆ. ವಾಣಿಜ್ಯ ಲೈಸೆನ್ಸಿಗೆ ನಮ್ಮಲ್ಲಿ 200 ಗಂಟೆಗಳ ಹಾರಾಟ ಬೇಕು. ಖರ್ಚು ಹತ್ತಾರು ಲಕ್ಷ. ಸಾಲಕ್ಕೆ ಅರ್ಜಿ ಹಾಕುವ ಮುನ್ನ ತರಬೇತಿ ಶಾಲೆಯಲ್ಲಿ ಶುಲ್ಕದ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಅಪ್‌ಸೆಟ್ ತಡೆಯುವ, ಚೇತರಿಸಿಕೊಳ್ಳುವ ಪಾಠ ಇದೆಯೇ? ಅದು ಪುಸ್ತಕದಲ್ಲಿ ಮಾತ್ರವೇ, ಸಿಮ್ಯುಲೇಟರ್‌ನಲ್ಲೇ, ವಿಮಾನದಲ್ಲೇ? ಕಲಿಸುವವರಿಗೆ ಅದರಲ್ಲಿ ಪ್ರತ್ಯೇಕ ತರಬೇತಿ ಆಗಿದೆಯೇ? ಉತ್ತರ ಕೊಡಲು ತಡವರಿಸುವ ಕಡೆ ಹಣ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಇನ್ನು ನಮ್ಮ ನಿಮ್ಮಂಥ ಪ್ರಯಾಣಿಕರು ಮಾಡಬೇಕಾದ್ದು ಅಲ್ಪ. ಸೀಟಿನಲ್ಲಿ ಕುಳಿತಿರುವಷ್ಟು ಹೊತ್ತೂ ಬೆಲ್ಟು ಬಿಗಿದಿರಲಿ, ದೀಪ ಆರಿದ್ದರೂ ಸರಿ. ಸಂಜೆಯ ವಿಮಾನ ಬಿರುಗಾಳಿಯಿಂದ ಒಂದು ಗಂಟೆ ತಡವೆಂದು ದಮ್‌ದಮ್‌ನಲ್ಲಿ ಘೋಷಣೆಯಾದರೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವುದು ಬೇಡ. ಮೋಡ ದಾಟಿ ಹೋಗಲೆಂದು ಕಾಯುವುದೂ ಪೈಲಟ್‌ಗಳಿಗೆ ಕಲಿಸುವ ಪಾಠದ ಮೊದಲ ಭಾಗವೇ. ಊರಿನಲ್ಲಿ ಕಾಯುವವರು ಇನ್ನೊಂದು ಗಂಟೆ ಕಾಯುತ್ತಾರೆ.