ಹಳೆಯ ಸಿಮ್ ಕೊಡುವ ಮುನ್ನ

2007ರ ಜೂನ್ 30ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಬಾಗಿಲಿಗೆ ಜೀಪೊಂದು ನುಗ್ಗಿತು. ಒಳಗೆ ಪೆಟ್ರೋಲ್, ಗ್ಯಾಸ್ ಸಿಲಿಂಡರ್‌ಗಳಿದ್ದವು. ತಡೆಕಂಬಗಳಿಗೆ ಸಿಕ್ಕಿಕೊಂಡ ಜೀಪಿಗೆ ಬೆಂಕಿ ಹತ್ತಿತು. ಪ್ರಯಾಣಿಕರು ಯಾರೂ ಸಾಯಲಿಲ್ಲ. ತೀವ್ರ ಸುಟ್ಟಗಾಯಗಳಾಗಿದ್ದ ಚಾಲಕ ಆಗಸ್ಟ್ 2ರಂದು ಸತ್ತ. ಅವನು ಬೆಂಗಳೂರಿನ ಕಫೀಲ್ ಅಹ್ಮದ್, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವ. ಜೊತೆಗಿದ್ದ ವೈದ್ಯ ಬಿಲಾಲ್ ಅಬ್ದುಲ್ಲಾಗೆ ಕನಿಷ್ಠ 32 ವರ್ಷಗಳ ಸೆರೆವಾಸವಾಯಿತು. ಎಷ್ಟು ಓದಿದರೂ ದ್ವೇಷ ತಲೆಗೇರಿದರೆ ಪದವಿ ಕಾಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಈ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಬ್ಬರ ಕತೆ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅದೇ ವಾರ ಹುಟ್ಟಿದ್ದ ಮಗಳನ್ನು ನೋಡಲು ಊರಿಗೆ ಹೊರಟಾಗ, ಜುಲೈ 2ರಂದು, ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲೇ ಬಂಧಿಸಿದರು. ಕಾರಣ ಒಂದು ಸಿಮ್. 2006ರಲ್ಲಿ ಬ್ರಿಟನ್ ಬಿಡುವಾಗ ಅದನ್ನು ಅವರು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದಿದ್ದರು. ಆ ಸಂಬಂಧಿ ಕಫೀಲ್‌ನ ತಮ್ಮ.

ಹನ್ನೆರಡು ದಿನ ಆರೋಪವೇ ಇಲ್ಲದೆ ಇಟ್ಟುಕೊಂಡರು. ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಕೋರ್ಟಿಗೆ ಹೇಳಿದರು. ಅದು ಸುಳ್ಳಾಗಿತ್ತು, ಸಿಮ್ ಇದ್ದದ್ದು ಲಿವರ್‌ಪೂಲ್‌ನಲ್ಲಿ. ಕೋರ್ಟು ಜಾಮೀನು ಕೊಟ್ಟ ದಿನವೇ ಸಚಿವರು ವೀಸಾ ರದ್ದು ಮಾಡಿದರು. ಜುಲೈ 27ರಂದು ಆರೋಪ ಬಿದ್ದುಹೋಯಿತು. 2008ರ ಕ್ಲಾರ್ಕ್ ವಿಚಾರಣಾ ವರದಿ ಹನೀಫ್ ನಿರಪರಾಧಿ ಎಂದಿತು. 2010ರಲ್ಲಿ ಪರಿಹಾರವೂ ಸಿಕ್ಕಿತು.

ನಾನು ಭಾಲ್ಕಿಯವ, ಬೀದರ್‌ನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಭಾಲ್ಕಿ, ಔರಾದ್ ಕಡೆಯ ಗೆಳೆಯರು ಕೆಲಸ ಹುಡುಕಿ ಹೈದರಾಬಾದ್, ಪುಣೆಗೆ ಹೋಗುತ್ತಾರೆ. ಹೊಸ ನಂಬರ್ ಬಂದ ಮೇಲೆ ಹಳೆಯದನ್ನು, ‘ರಿಚಾರ್ಜ್ ಉಳದದ, ನೀ ಇಟ್ಕೋ’ ಎಂದು ಯಾರ ಕೈಗಾದರೂ ಕೊಟ್ಟುಬಿಡುತ್ತಾರೆ. ಸಿಮ್ ಯಾರ ಕೈಯಲ್ಲೇ ಇರಲಿ, ಆಧಾರ್ ಮಾತ್ರ ಕೊಟ್ಟವರದೇ. ಅದರಿಂದ ಏನೇ ಆದರೂ ಪೊಲೀಸರು ಮೊದಲು ತಟ್ಟುವುದು ಅವರ ಬಾಗಿಲನ್ನೇ.

ಕೊಡಲೇಬೇಕಾದರೆ ಕಂಪನಿಯ ಅಂಗಡಿಗೆ ಹೋಗಿ ಹೆಸರು ಬದಲಿಸಿ ಕೊಡಿ, ಬೇಡವಾದರೆ ಬಂದ್ ಮಾಡಿಸಿ. ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್‌ಗಳಿವೆ ಎಂದು ನೋಡಬಹುದು. ನಿಮ್ಮದಲ್ಲದ ನಂಬರ್ ಇದ್ದರೆ ಅಲ್ಲೇ ತಿಳಿಸಬಹುದು. ಐದು ನಿಮಿಷದ ಕೆಲಸ.

ಇನ್ನೊಂದು ಮಾತು. ಹನೀಫ್ ಸಿಮ್ ಕೊಟ್ಟದ್ದು ಅಪರಾಧವಾಗಿರಲಿಲ್ಲ. ಅವರನ್ನು ಅಪರಾಧಿಯಂತೆ ಕಾಣಿಸಿದ್ದು ನೆಂಟಸ್ತಿಕೆ ಮತ್ತು ಆತುರ. ಪುರಾವೆ ಬರುವ ಮೊದಲೇ ಟಿ.ವಿ., ವಾಟ್ಸ್ಆ್ಯಪ್ ಯಾರದೋ ಹೆಸರು ಕೂಗುವಾಗ ನಾವು ಅದನ್ನು ಫಾರ್ವರ್ಡ್ ಮಾಡದಿದ್ದರೆ ಸಾಕು. ಮನೆಯಲ್ಲಿ ಕೂಸು ನೋಡಲು ಕಾದಿರುವ ಒಬ್ಬ ತಂದೆಗೆ ಅಷ್ಟಾದರೂ ನಾವು ಮಾಡಬಹುದು.