ಮುಳ್ಳೇಳುವ ಎಣ್ಣೆ

ಬೆಂಗಳೂರಿನ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಅಲ್ಲಿಂದ ಒಂದು ಹಿಡಿ ಕಬ್ಬಿಣದ ಪುಡಿ ತಂದು ಅಡುಗೆ ಎಣ್ಣೆಯಲ್ಲಿ ಕದಡಿ, ಗಾಜಿನ ಲೋಟದ ಪಕ್ಕ ಸೂಜಿಗಲ್ಲು ಹಿಡಿದು ನೋಡಿ. ಪುಡಿಯೆಲ್ಲ ಬಂದು ಗಾಜಿಗೆ ಅಂಟಿಕೊಳ್ಳುತ್ತದೆ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಸೂಜಿಗಲ್ಲು ತೆಗೆದರೆ ಪುಡಿ ತಳ ಸೇರುತ್ತದೆ. ಶಾಲೆಯ ವಿಜ್ಞಾನ ಮೇಳಕ್ಕೆ ಕಾಂತದ್ರವ ಮಾಡಹೊರಟ ಮಕ್ಕಳು ಮೊದಲು ಎಡವುವುದು ಇಲ್ಲೇ. ನಿಜವಾದ ಕಾಂತದ್ರವದಲ್ಲಿ ಪುಡಿ ಬೇರೆ, ಎಣ್ಣೆ ಬೇರೆ ಎಂಬುದಿಲ್ಲ. ತಟ್ಟೆಯಡಿ ಬಲವಾದ ಸೂಜಿಗಲ್ಲು ತಂದರೆ ದ್ರವವೇ ಎದ್ದು, ಹಲಸಿನ ಕಾಯಿಯ ಮೈಯಂತೆ ಸಾಲುಸಾಲಾಗಿ ಮುಳ್ಳಾಗುತ್ತದೆ. ಸರಿಸಿದೊಡನೆ ಮತ್ತೆ ನುಣುಪು.

ಗುಟ್ಟೆಲ್ಲ ಕಣದ ಗಾತ್ರದಲ್ಲಿದೆ. ಕಾಂತದ್ರವದ ಒಂದು ಕಣ ಸುಮಾರು 10 ನ್ಯಾನೊಮೀಟರ್. ಅಂಥ 1 ಲಕ್ಷ ಕಣ ಸಾಲಾಗಿಟ್ಟರೆ 1 ಮಿಲಿಮೀಟರ್. ಇಷ್ಟು ಸಣ್ಣದನ್ನು ಸುತ್ತಲಿನ ಎಣ್ಣೆಯ ಅಣುಗಳೇ ಸದಾ ಗುದ್ದಿ ಓಡಾಡಿಸುತ್ತಿರುತ್ತವೆ, ತಳಕ್ಕೆ ಇಳಿಯಲು ಬಿಡುವುದಿಲ್ಲ. ಆದರೂ ಕಣಕ್ಕೆ ಕಣ ಅಂಟಿ ಮುದ್ದೆಯಾಗುವ ಭಯವಿದೆ. ಅದಕ್ಕೇ ಪ್ರತಿ ಕಣಕ್ಕೂ ಓಲಿಯಿಕ್ ಆಮ್ಲದ ಹೊದಿಕೆ ಬೇಕು. ಆ ಆಮ್ಲದ ತಲೆ ಕಣವನ್ನು ಹಿಡಿಯುತ್ತದೆ, ಬಾಲ ಎಣ್ಣೆಯೊಳಗೆ ಚಾಚಿ ಪಕ್ಕದ ಕಣವನ್ನು ದೂರವಿಡುತ್ತದೆ. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ದೊಡ್ಡ ಪಾಲು ಇದೇ ಆಮ್ಲ. ಆದರೆ ಅಲ್ಲಿ ಅದು ಗ್ಲಿಸರಾಲಿಗೆ ಕಟ್ಟಿಕೊಂಡಿರುವುದರಿಂದ ಅಡುಗೆ ಎಣ್ಣೆ ಸುರಿದರೆ ಕೆಲಸ ಸಾಗದು.

ಕಣದ ಪದಾರ್ಥ ಮ್ಯಾಗ್ನೆಟೈಟ್, ಕಬ್ಬಿಣದ ಕಪ್ಪು ಆಕ್ಸೈಡ್. ಕನ್ನಡ ನಾಡಿಗೆ ಅದು ಹೊಸತಲ್ಲ. ಕುದುರೆಮುಖದ ಅದಿರು ಇದೇ. 2005ರ ಕೊನೆಗೆ ಗಣಿ ನಿಲ್ಲುವ ತನಕ ಅದನ್ನು ನುಣ್ಣಗೆ ಅರೆದು, ನೀರಲ್ಲಿ ಕಲಸಿ, ಘಟ್ಟದಿಂದ ಮಂಗಳೂರಿಗೆ ಕೊಳವೆಯಲ್ಲಿ ಹರಿಸುತ್ತಿದ್ದರು. ಅಷ್ಟು ಅರೆದರೂ ಅದು ನಿಂತಲ್ಲಿ ಮಡ್ಡಿಯಾಗುವ ಪುಡಿಯೇ, ಕಾಂತದ್ರವದ ಕಣಕ್ಕಿಂತ ಸಾವಿರಾರು ಪಟ್ಟು ದಪ್ಪ. ಕಾಂತದ್ರವವನ್ನು ಮೊದಲು ಮಾಡಿದ ನಾಸಾದ ಸ್ಟೀವ್ ಪ್ಯಾಪೆಲ್ ಕೂಡ, 1963ರಲ್ಲಿ, ಮ್ಯಾಗ್ನೆಟೈಟನ್ನು ಓಲಿಯಿಕ್ ಆಮ್ಲದ ಜೊತೆ ದಿನಗಟ್ಟಲೆ ಅರೆಯಬೇಕಾಯಿತು. ತೂಕವಿಲ್ಲದ ಅಂತರಿಕ್ಷದಲ್ಲಿ ರಾಕೆಟ್ಟಿನ ಇಂಧನವನ್ನು ಸೂಜಿಗಲ್ಲಿನಿಂದ ಎಂಜಿನ್ನಿನತ್ತ ಎಳೆಯುವುದು ಅವರ ಉದ್ದೇಶವಾಗಿತ್ತು.

ಮನೆಯಲ್ಲಿ ಅರೆಯುವ ಬದಲು ಕಣವನ್ನು ದ್ರಾವಣದಲ್ಲೇ ಹುಟ್ಟಿಸುವುದು ಸುಲಭ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಫೆರಿಕ್ ಕ್ಲೋರೈಡ್ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಅದರ ದ್ರಾವಣ 10 ಮಿ.ಲೀ., ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ ಗಾಜಿನ ಬೀಕರಿನಲ್ಲಿ ಹಾಕಿ, ಹಾರ್ಡ್‌ವೇರ್ ಅಂಗಡಿಯ ಸಾದಾ ಉಕ್ಕಿನ ನಾರು ಅದ್ದಿಡಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ನಾರು ಬೇಡ, ಅದರಿಂದ ಕ್ರೋಮಿಯಂ, ನಿಕ್ಕೆಲ್ ಬಿಟ್ಟುಕೊಳ್ಳುತ್ತವೆ. ಕಂದು ಬಣ್ಣ ಹಸಿರಾದರೆ ಫೆರಸ್ ಕ್ಲೋರೈಡ್ ಆಯಿತೆಂದು ಅರ್ಥ. ಸೋಸಿ, ಇನ್ನಷ್ಟು ಫೆರಿಕ್ ದ್ರಾವಣ ಬೆರೆಸಬೇಕು. ಎಷ್ಟು? ಮ್ಯಾಗ್ನೆಟೈಟಿಗೆ 1 ಫೆರಸ್‌ಗೆ 2 ಫೆರಿಕ್ ಬೇಕು. ನಾರಿನ ಕಬ್ಬಿಣವೂ ಕರಗಿ ಸೇರುವುದರಿಂದ ಹಸಿರು ದ್ರಾವಣದಲ್ಲಿ ಕಬ್ಬಿಣ ಒಂದೂವರೆ ಪಟ್ಟಾಗಿರುತ್ತದೆ. ಲೆಕ್ಕಕ್ಕೆ 30 ಮಿ.ಲೀ. ಫೆರಿಕ್ ಹಾಕಬೇಕು. ಗಾಳಿ ತಾಗಿ ಫೆರಸ್‌ನ ಒಂದಿಷ್ಟು ಪಾಲು ತಾನೇ ಫೆರಿಕ್ ಆಗುವುದರಿಂದ 20 ಮಿ.ಲೀ. ಹಾಕುವುದು ರೂಢಿ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಪ್ರದರ್ಶನದ ಮುಳ್ಳಿಗಿಂತ ಇದು ಹೆಚ್ಚು ಕಾಲ ನೆನಪಿರುತ್ತದೆ.

ಆಮೇಲೆ ಕಲಕುತ್ತ ಕಲಕುತ್ತ 150 ಮಿ.ಲೀ.ನಷ್ಟು ತೆಳು ಅಮೋನಿಯಾ ಸುರಿದರೆ ಕಾಡಿಗೆಯಂಥ ಕಪ್ಪು ಒತ್ತರಿಸಿ ಬರುತ್ತದೆ. ಈ ಹಂತ ತಾರಸಿಯಲ್ಲೇ ಆಗಲಿ, ದೊಡ್ಡವರು ಜೊತೆಗಿರಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಒಲೆಯ ಮೇಲೆ ಕುದಿಯ ಅಂಚಿಗೆ ತಂದು 5 ಮಿ.ಲೀ. ಓಲಿಯಿಕ್ ಆಮ್ಲ ಹಾಕಿ, ಅಮೋನಿಯಾ ನಾತ ಹೋಗುವ ತನಕ, ಸುಮಾರು ಒಂದು ಗಂಟೆ, ಬಿಸಿಯಲ್ಲೇ ಇಡಿ. ಪೂರ್ತಿ ತಣ್ಣಗಾದ ಮೇಲಷ್ಟೇ, ಒಲೆಯಿಂದ ದೂರ ತಂದು, 100 ಮಿ.ಲೀ. ಸೀಮೆಎಣ್ಣೆ ಸೇರಿಸಿ ಕಲಕಿ. ಕಪ್ಪೆಲ್ಲ ನೀರು ಬಿಟ್ಟು ಸೀಮೆಎಣ್ಣೆಗೆ ಏರುತ್ತದೆ. ನೀರಿನಲ್ಲಿ ಹುಟ್ಟಿದ ಕಣ ಹೊದಿಕೆ ತೊಟ್ಟು ಎಣ್ಣೆಗೆ ಹೋಗುವ ಆ ಗಳಿಗೆ ನನಗೆ ಇಡೀ ಪ್ರಯೋಗದಲ್ಲೇ ಹೆಚ್ಚು ಇಷ್ಟ. ಮೇಲಿನ ಪದರವನ್ನು ಬಸಿದುಕೊಂಡು, ತೆಳ್ಳಗಿದ್ದರೆ ಬಯಲಿನಲ್ಲಿ ಆರಲು ಬಿಟ್ಟು ಗಟ್ಟಿ ಮಾಡಿಕೊಳ್ಳಿ. ತೀರ ತೆಳ್ಳಗಿದ್ದರೆ ದ್ರವ ಉಬ್ಬುತ್ತದೆಯೇ ಹೊರತು ಮುಳ್ಳೇಳುವುದಿಲ್ಲ.

ಗುಜರಿ ಅಂಗಡಿಯ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿದರೆ ಒಳಗಿನ ನಿಯೋಡೈಮಿಯಂ ಸೂಜಿಗಲ್ಲೇ ಸಾಕು. ಅದನ್ನು ದ್ರವಕ್ಕೆ ನೇರ ಮುಟ್ಟಿಸಬೇಡಿ, ಹತ್ತಿದರೆ ಬಿಡಿಸಲಾಗದು. ನಡುವೆ ಗಾಜಿರಲಿ. ರಾಜಾಜಿನಗರದ ಹಳೆಯ ಮನೆಗಳ ಮೊಸಾಯಿಕ್ ನೆಲಕ್ಕೆ ಫೆರಿಕ್ ಕ್ಲೋರೈಡಿನ ಒಂದು ತೊಟ್ಟು ಬಿದ್ದರೂ ಕಲೆ ಹೋಗುವುದಿಲ್ಲ, ಕೆಳಗೆ ಹಳೇ ಪೇಪರು ಹಾಸಿಕೊಳ್ಳಿ.

ಕೊನೆಗೆ ಒಂದು ಬೇಡಿಕೆ. ಉಳಿದ ದ್ರಾವಣ, ತೊಳೆದ ನೀರು, ಸೀಮೆಎಣ್ಣೆ ಯಾವುದನ್ನೂ ಮೋರಿಗೆ ಚೆಲ್ಲಬೇಡಿ. ಪಶ್ಚಿಮ ಬೆಂಗಳೂರಿನ ಮೋರಿಗಳು ಸೇರುವುದು ವೃಷಭಾವತಿಯನ್ನು. ಅದು ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ. ಎಲ್ಲವನ್ನೂ ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ ಅವರ ಕೈಗೆ ಒಪ್ಪಿಸಿ.