ಆಟದ ಮೈದಾನದಿಂದ ಡಿಗ್ರಿಗೆ: ಕೋರ್ಸಿನ ಹೆಸರಿಗೆ ಮರುಳಾಗುವ ಮುನ್ನ

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಮುಂದೆ ಏನು? ಗಂಡು ಮಕ್ಕಳಿಗೆ ಪಾಸ್‌ಪೋರ್ಟ್, ಹೆಣ್ಣು ಮಕ್ಕಳಿಗೆ ನಿಖಾಹ್ ಎನ್ನುವ ಕಾಲ ಬಹುಮಟ್ಟಿಗೆ ಹೋಯಿತು, ಅಲ್‌ಹಮ್ದುಲಿಲ್ಲಾಹ್. ಈಗ ಇಂಜಿನಿಯರಿಂಗ್, ಸಿಎ, ನರ್ಸಿಂಗ್ ಜೊತೆಗೆ ಇನ್ನೊಂದು ಮಾತೂ ಕೇಳುತ್ತಿದೆ: "ನನಗೆ ಸ್ಪೋರ್ಟ್ಸ್ ಲೈನಿಗೆ ಹೋಗಬೇಕು." ಕಬಡ್ಡಿ, ವಾಲಿಬಾಲ್, ಫುಟ್ಬಾಲ್ ಆಡುವ ಹುಡುಗನಿಗೆ ಅದೇ ಕ್ಷೇತ್ರದಲ್ಲಿ ದುಡಿಯುವ ಆಸೆ. ಹುಡುಗಿಯರಿಗೆ ಫಿಸಿಯೋಥೆರಪಿ, ಪಬ್ಲಿಕ್ ಹೆಲ್ತ್ ಕಡೆ ಒಲವು.

ಆಸೆ ಒಳ್ಳೆಯದೇ. ಆದರೆ ಈ ಲೈನಿನಲ್ಲಿ ಕೋರ್ಸುಗಳ ಹೆಸರು ಹತ್ತಿರ ಹತ್ತಿರ, ಅವು ಕೊಡುವ ಅಧಿಕಾರ ಮಾತ್ರ ಬಹಳ ದೂರ ದೂರ. ಸ್ಪೋರ್ಟ್ಸ್ ಸೈನ್ಸ್, ಫಿಟ್‌ನೆಸ್ ಮ್ಯಾನೇಜ್‌ಮೆಂಟ್, ಫಿಸಿಕಲ್ ಎಜುಕೇಶನ್, ಫಿಸಿಯೋಥೆರಪಿ ಎಲ್ಲವೂ ಒಂದೇ ಎಂದು ತಿಳಿದು ಫೀಸ್ ಕಟ್ಟಿದರೆ ಮೂರು ನಾಲ್ಕು ವರ್ಷದ ನಂತರ ತಲೆ ಮೇಲೆ ಕೈ ಹೊತ್ತು ಕೂರಬೇಕಾದೀತು, ಮಾರಾಯ್ರೆ.

ಚಿಕಿತ್ಸೆ ಬೇರೆ, ತರಬೇತಿ ಬೇರೆ

ಗಾಯಗೊಂಡ ಆಟಗಾರನ ಮೊಣಕಾಲನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಬೇಕು ಎಂದಿದ್ದರೆ ನಮ್ಮಲ್ಲಿ ನೇರ ದಾರಿ ಫಿಸಿಯೋಥೆರಪಿ ಪದವಿ, ಅಂದರೆ ಬಿಪಿಟಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಕಾಮರ್ಸ್ ತೆಗೆದುಕೊಂಡ ಮೇಲೆ ಈ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಈ ನಿರ್ಧಾರ ಎಸೆಸೆಲ್ಸಿ ಮುಗಿದಾಗಲೇ ಆಗಬೇಕು.

ಈ ಕ್ಷೇತ್ರಕ್ಕೆ 2021ರಲ್ಲಿ ಕೇಂದ್ರ ಸರಕಾರ ಹೊಸ ಕಾಯ್ದೆ ತಂದಿದೆ. ಅದರಡಿ ರಾಷ್ಟ್ರೀಯ ಆಯೋಗವೂ ರಾಜ್ಯ ಮಂಡಳಿಗಳೂ ಇವೆ, ನೋಂದಣಿಯ ವ್ಯವಸ್ಥೆಯೂ ಇದೆ. ಕಾಯ್ದೆಯ ಪ್ರಕಾರ 'ಆರೋಗ್ಯ ವೃತ್ತಿಪರ' ಎನಿಸಿಕೊಳ್ಳಲು ಮೂರರಿಂದ ಆರು ವರ್ಷದ ಅವಧಿಯಲ್ಲಿ ಕನಿಷ್ಠ 3600 ಗಂಟೆ ಕಲಿತಿರಬೇಕು. ಫಿಸಿಯೋಥೆರಪಿ ಇದರ ಪಟ್ಟಿಯಲ್ಲಿದೆ. ಫಿಟ್‌ನೆಸ್ ಹೆಸರಿನ ಆರು ತಿಂಗಳ ಸರ್ಟಿಫಿಕೇಟ್ ಹಿಡಿದವರು ಜಿಮ್‌ನಲ್ಲಿ ವ್ಯಾಯಾಮ ಹೇಳಿಕೊಡಬಹುದು, ಫಿಸಿಯೋ ಎಂದು ಬೋರ್ಡ್ ಹಾಕುವಂತಿಲ್ಲ.

ಶಾಲೆಯಲ್ಲಿ ದೈಹಿಕ ಶಿಕ್ಷಕ ಆಗಬೇಕಾದರೆ ದಾರಿ ಬೇರೆ. ಯಾವುದಾದರೂ ಪದವಿ ಮುಗಿಸಿ ಎರಡು ವರ್ಷದ ಬಿಪಿಎಡ್ ಮಾಡಬೇಕು. ಪ್ರವೇಶಕ್ಕೆ ಅಂಕದ ಜೊತೆ ಕ್ರೀಡೆಯಲ್ಲಿ ಭಾಗವಹಿಸಿದ ದಾಖಲೆಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮಗ ಜಿಲ್ಲಾ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟನ್ನು ರದ್ದಿ ಕಾಗದದ ಜೊತೆ ಹಾಕಬೇಡಿ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ಎಂದೂ ನೋಡಿ. ಕೋಚ್ ಆಗುವ ಕನಸಿದ್ದರೆ 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ದೇಶದಲ್ಲೆಲ್ಲ ಬೆಲೆ ಇದೆ.

ಅಮೆರಿಕದಲ್ಲೂ ಇದೇ ಕಥೆ

ವಿದೇಶದಲ್ಲಿ ಓದಿಸುವ ಯೋಚನೆ ಇರುವವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ 'ಅಥ್ಲೆಟಿಕ್ ಟ್ರೈನರ್' ಎಂದರೆ ಜಿಮ್ ಟ್ರೈನರ್ ಅಲ್ಲ. ಆಟಗಾರರ ಗಾಯ ತಡೆಯುವ, ತುರ್ತು ಆರೈಕೆ ಮಾಡುವ ಆರೋಗ್ಯ ವೃತ್ತಿಪರ. ಮೊದಲು ಇದಕ್ಕೆ ಬ್ಯಾಚುಲರ್ ಪದವಿ ಸಾಕಿತ್ತು. ಆ ಮಟ್ಟದ ಕೋರ್ಸಿಗೆ ಹೊಸಬರನ್ನು ಸೇರಿಸಿಕೊಳ್ಳುವುದು 2022ಕ್ಕೆ ನಿಂತಿತು. ಈಗ ಮಾನ್ಯತೆ ಪಡೆದ ಮಾಸ್ಟರ್ಸ್ ಮಾಡಿಯೇ ಪ್ರಮಾಣೀಕರಣದ ಪರೀಕ್ಷೆ ಬರೆಯಬೇಕು. ಹಾಗಾಗಿ ಏಜೆಂಟರು ತೋರಿಸುವ ಬ್ರೋಶರಿನಲ್ಲಿ 'ಸ್ಪೋರ್ಟ್ಸ್' ಎಂಬ ಪದ ಕಂಡ ಮಾತ್ರಕ್ಕೆ ಹಣ ಕಳುಹಿಸಬೇಡಿ.

ಆರೋಗ್ಯ ಪ್ರಚಾರವೂ ಒಂದು ಕೆಲಸ

ರೋಗ ಬಂದ ಮೇಲೆ ಚಿಕಿತ್ಸೆ ಒಂದು ಕಡೆ, ಬಾರದಂತೆ ಜನರನ್ನು ಸಿದ್ಧಪಡಿಸುವುದು ಇನ್ನೊಂದು ಕಡೆ. ಎರಡನೆಯದೇ ಪಬ್ಲಿಕ್ ಹೆಲ್ತ್. ಇದರಲ್ಲಿ ಎಂಪಿಎಚ್ ಎರಡು ವರ್ಷದ ಸ್ನಾತಕೋತ್ತರ ಪದವಿ. ಡಾಕ್ಟರೇ ಆಗಿರಬೇಕೆಂದಿಲ್ಲ, ಬೇರೆ ಪದವೀಧರರಿಗೂ ಹಲವೆಡೆ ಅವಕಾಶವಿದೆ. ನಮ್ಮ ಪಕ್ಕದ ಮಣಿಪಾಲದಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಈ ಪದವಿಯಿಂದ ಔಷಧ ಬರೆಯುವ ಹಕ್ಕು ಸಿಗುವುದಿಲ್ಲ. ಸರಕಾರಿ ಯೋಜನೆ, ಆಸ್ಪತ್ರೆ, ಸೇವಾ ಸಂಸ್ಥೆಗಳಲ್ಲಿ ಕೆಲಸ ಸಿಗುತ್ತದೆ. ಶುಗರ್, ಬಿಪಿ ಇಲ್ಲದ ಮನೆ ಹುಡುಕುವುದೇ ಕಷ್ಟವಾಗಿರುವ ನಮ್ಮ ಊರುಗಳಲ್ಲಿ, ತುಪ್ಪದ ಅನ್ನವೂ ನಡಿಗೆಯೂ ಹೇಗೆ ಹೊಂದಿಕೊಳ್ಳಬೇಕು ಎಂದು ಬ್ಯಾರಿ ಭಾಷೆಯಲ್ಲೇ ಉಮ್ಮಂದಿರಿಗೆ ತಿಳಿಸಿ ಹೇಳುವವರು ಬೇಡವೇ?

ಇಂಟರ್ನ್‌ಶಿಪ್ ಬಿಟ್ಟರೆ ಡಿಗ್ರಿಯೇ ಇಲ್ಲ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಬಿಪಿಟಿಗೆ ಹಿಂದೆ ನಾಲ್ಕು ವರ್ಷದ ಓದಿನ ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಇತ್ತು. 2025ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಅದನ್ನು ಒಂದು ವರ್ಷ ಮಾಡಿದೆ. ಒಟ್ಟು ಐದು ವರ್ಷ. ಇಂಟರ್ನ್‌ಶಿಪ್ ಎಂದರೆ ಹೇಗೂ ಪಾಸಾದ ಮೇಲಿನ ಸುಮ್ಮನೆ ತಿರುಗಾಟ ಎಂದು ತಿಳಿಯುವವರಿದ್ದಾರೆ. ಅಲ್ಲ. ಅದೂ ಪದವಿಯ ಭಾಗ. ಮುಗಿಸದಿದ್ದರೆ ಪದವಿ ಪತ್ರವೂ ಇಲ್ಲ, ನೋಂದಣಿಯೂ ಇಲ್ಲ.

ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ಮದುವೆ ನಿಶ್ಚಯಿಸಿ, "ಇನ್ನು ಆಸ್ಪತ್ರೆಗೆ ಹೋಗುವುದು ಬೇಡ" ಎಂದುಬಿಟ್ಟರೆ ನಾಲ್ಕು ವರ್ಷದ ಶ್ರಮ ಮತ್ತು ಫೀಸ್ ಎರಡೂ ನೀರಿಗೆ ಹಾಕಿದಂತೆ. ಮದುವೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಮಾತುಕತೆಯ ದಿನವೇ ಇಂಟರ್ನ್‌ಶಿಪ್ ಮುಗಿಯಬೇಕು ಎಂದು ವರನ ಕಡೆಯವರಿಗೆ ಸ್ಪಷ್ಟ ಹೇಳಿ. ಮಂಡಿನೋವಿಗೆ, ಹೆರಿಗೆಯ ನಂತರದ ಬೆನ್ನುನೋವಿಗೆ ಲೇಡಿ ಫಿಸಿಯೋನೇ ಬೇಕು ಎಂದು ಹುಡುಕುವವರು ನಾವೇ. ನಮ್ಮ ಮಗಳನ್ನು ಅರ್ಧದಲ್ಲಿ ನಿಲ್ಲಿಸಿದರೆ ಆ ಲೇಡಿ ಫಿಸಿಯೋ ಎಲ್ಲಿಂದ ಬರಬೇಕು?

ಗಲ್ಫಿಗೆ ಹೋಗುವವರಿಗೂ ಇದೇ ಲೆಕ್ಕ. ದುಬೈಯಲ್ಲಾಗಲಿ ಸೌದಿಯಲ್ಲಾಗಲಿ ಅಲ್ಲಿನ ಆರೋಗ್ಯ ಪ್ರಾಧಿಕಾರದ ಲೈಸೆನ್ಸ್ ಇಲ್ಲದೆ ಫಿಸಿಯೋ ಕೆಲಸ ಇಲ್ಲ. ಡೇಟಾಫ್ಲೋ ಎಂಬ ಪರಿಶೀಲನೆಯಲ್ಲಿ ಪದವಿ, ನೋಂದಣಿ, ಅನುಭವ ಪತ್ರಗಳನ್ನು ಕೊಟ್ಟ ಸಂಸ್ಥೆಯಿಂದಲೇ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಅಲ್ಲಿ ಶಿಫಾರಸು ನಡೆಯುವುದಿಲ್ಲ.

ಸೇರಿಸುವ ಮುನ್ನ ಕಾಲೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಪದವಿ ಪತ್ರದಲ್ಲಿ ಯಾವ ಹೆಸರು, ಯಾವ ವಿಶ್ವವಿದ್ಯಾನಿಲಯದ್ದು? ಯಾವ ಮಂಡಳಿಯಲ್ಲಿ ನೋಂದಣಿ ಆಗುತ್ತದೆ? ಪ್ರಾಯೋಗಿಕ ಕಲಿಕೆ ಯಾವ ಆಸ್ಪತ್ರೆಯಲ್ಲಿ? ಇಂಟರ್ನ್‌ಶಿಪ್ ಸೇರಿ ಒಟ್ಟು ಖರ್ಚೆಷ್ಟು? ಉತ್ತರ ಲಿಖಿತವಾಗಿ ಸಿಗದಿದ್ದರೆ ಎದ್ದು ಬನ್ನಿ. ಪ್ರವೇಶದ ನಿಯಮ ಬದಲಾಗುತ್ತಾ ಇರುತ್ತದೆ, ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ. ಹಣದ ತೊಂದರೆ ಇದ್ದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ತಮ್ಮ ಕೋರ್ಸಿಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಲಿ.

ಜಮಾಅತ್‌ಗಳು ಪ್ರತಿಭಾ ಪುರಸ್ಕಾರಕ್ಕೆ ಶಾಲು, ಫಲಕ ಕೊಡುತ್ತವೆ. ಒಳ್ಳೆಯದೇ. ಅದೇ ದಿನ ಒಂದು ಗಂಟೆ ಈ ಕ್ಷೇತ್ರದಲ್ಲಿ ಓದಿ ಬಂದ ನಮ್ಮದೇ ಮಕ್ಕಳನ್ನು ಕೂರಿಸಿ ಮಾತಾಡಿಸಿದರೆ ಹತ್ತು ಮನೆಯ ಹಣ, ಹತ್ತು ಮಕ್ಕಳ ವರ್ಷ ಉಳಿದೀತು, ಇನ್‌ಶಾ ಅಲ್ಲಾಹ್.